ಏರ್‌ಗನ್ನಿನ ಗುರಿ ಸರಿಪಡಿಸುವ ಬಗೆ



ನಾಟಿ ಮುಗಿಯಿತು ಅಂದರೆ ಕೊಡಗಿನ ಮನೆಮನೆಯಲ್ಲೂ ಕೈಲ್‌ಪೊಳ್ದ್ ಹಬ್ಬದ ಮಾತು. ಉಳುಮೆ, ನಾಟಿ ನಡೆಯುವಷ್ಟು ಕಾಲ ಕನ್ನಿಕೋಂಬರೆಯಲ್ಲಿ ಇಟ್ಟಿದ್ದ ಕೋವಿ, ಕತ್ತಿಗಳನ್ನು ಹೊರತೆಗೆದು, ಒರೆಸಿ, ತೋಕ್‌ಪೂ ಮುಡಿಸಿ ಪೂಜೆ ಮಾಡುವ ಹಬ್ಬ ಅದು. ಹೆಚ್ಚಿನ ಕಡೆ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುತ್ತದೆ. ಪೂಜೆ, ಊಟ ಮುಗಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಈಗೀಗ ದೊಡ್ಡ ಕೋವಿಯ ಜೊತೆಗೆ ಏರ್‌ಗನ್ನಿಗೂ ಪ್ರತ್ಯೇಕ ಪಂದ್ಯ ಇಡುತ್ತಾರೆ. ಅದರಲ್ಲಿ ತೆಂಗಿನಕಾಯಿಗೆ ಬದಲಾಗಿ ಕೋಳಿಮೊಟ್ಟೆ ಇಡುವುದೂ ಉಂಟು. ಗಂಡಸರು, ಹೆಂಗಸರು, ಹುಡುಗರು ಎಲ್ಲರೂ ಕೈ ನೋಡುತ್ತಾರೆ.

ಕೃಷಿ ವಿಸ್ತರಣೆಯವನಿಗೆ ಕೋವಿಯ ಗೊಡವೆ ಯಾಕೆ ಅಂತೀರಾ? ಎರಡು ಕಾರಣ ಉಂಟು. ಏರ್‌ಗನ್ ಕೂಡ ಕೂರಿಗೆ, ಸಿಂಪಡಣೆ ಯಂತ್ರಗಳ ಹಾಗೆ ಒಂದು ಉಪಕರಣ. ಹದ ಮಾಡದೆ ಬಳಸಿದರೆ ಕೂರಿಗೆಯ ಕಾಳು ಒಂದೆಡೆ ದಟ್ಟ, ಒಂದೆಡೆ ತೆಳುವಾಗಿ ಬೀಳುವಂತೆ ಇದರ ಗುಂಡೂ ಎಲ್ಲೆಲ್ಲೋ ಬೀಳುತ್ತದೆ. ಇದು ಮೊದಲ ಕಾರಣ. ಎರಡನೆಯದು, “ಕೋವಿ ಸರಿಯಿಲ್ಲ, ಬೇರೆ ತಗೋತೀನಿ” ಎಂದು ಸಾವಿರಾರು ರೂಪಾಯಿ ಕಳೆಯುವವರು ನಮ್ಮಲ್ಲಿ ಇದ್ದಾರೆ. ಹೆಚ್ಚಿನ ಸಲ ಕೋವಿಯಲ್ಲಿ ದೋಷವೇ ಇರುವುದಿಲ್ಲ. ಒಂದು ಸ್ಕ್ರೂ ಸಡಿಲಾಗಿರುತ್ತದೆ, ಇಲ್ಲವೆ ಗುಂಡು ಹೊಂದುವುದಿಲ್ಲ, ಇಲ್ಲವೆ ಹಿಡಿಯುವ ಕ್ರಮ ತಪ್ಪಿರುತ್ತದೆ. ಖರ್ಚಿಲ್ಲದೆ ಮನೆಯಲ್ಲೇ ಇವನ್ನು ಸರಿಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ದಿನ ನೋಡೋಣ.

ಮೊದಲು ಇದು ಕೆಲಸ ಮಾಡುವ ರೀತಿ ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಇರುವುದು ನಳಿಗೆಯನ್ನು ಮಡಿಚಿ ಎಳೆಯುವ ಸ್ಪ್ರಿಂಗ್ ಏರ್‌ಗನ್. ಸೈಕಲ್ ಪಂಪನ್ನು ನೆನಪು ಮಾಡಿಕೊಳ್ಳಿ. ಅದರ ಬಾಯಿಗೆ ಬೆರಳಿಟ್ಟು ಹಿಡಿಯನ್ನು ಒತ್ತಿದರೆ ಗಾಳಿ ಬೆರಳನ್ನು ನೂಕುತ್ತದೆ ತಾನೆ? ಇಲ್ಲಿಯೂ ಅದೇ. ನಳಿಗೆಯನ್ನು ಮಡಿಚಿದಾಗ ಒಳಗಿನ ಬಲವಾದ ಸ್ಪ್ರಿಂಗು ಕುಗ್ಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಕೊಂಡಿ ಬಿಡುತ್ತದೆ. ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಪಿಸ್ಟನ್ನು ಮುಂದಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಸೀಸದ ಗುಂಡನ್ನು ಹೊರಗೆ ನೂಕುತ್ತದೆ.

ಇಲ್ಲೇ ಒಂದು ಸೂಕ್ಷ್ಮವಿದೆ. ಪಿಸ್ಟನ್ನು ಮುಂದೆ ಓಡುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ನು ತುದಿ ಮುಟ್ಟಿ ನಿಂತಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಈ ಅಲುಗಾಟ ಶುರುವಾದಾಗ ಗುಂಡು ಇನ್ನೂ ನಳಿಗೆಯ ಒಳಗೇ ಇರುತ್ತದೆ. ಆದ್ದರಿಂದ ಸ್ಪ್ರಿಂಗ್ ಕೋವಿಯಲ್ಲಿ ಗುರಿ ಕೆಡುವುದಕ್ಕೆ ದಾರಿಗಳು ಹೆಚ್ಚು. ಪ್ರತಿ ಸಲವೂ ಅಲುಗಾಟ ಒಂದೇ ತರಹ ಇರುವಂತೆ ಮಾಡುವುದೇ ಎಲ್ಲ ಹದಗಾರಿಕೆಯ ಗುಟ್ಟು.

ಈಗ ಕೆಲಸಕ್ಕೆ ಇಳಿಯೋಣ. ಕೋವಿ ಮುಟ್ಟುವ ಮೊದಲು ಅದರಲ್ಲಿ ಗುಂಡಿಲ್ಲ, ಸ್ಪ್ರಿಂಗು ಎಳೆದಿಲ್ಲ ಎಂದು ನೋಡಿಕೊಳ್ಳಿ. ನಳಿಗೆ ಮಡಿಚಿರುವಾಗ ಅದನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ಇರಬೇಕು. ಆಕಸ್ಮಾತ್ ಟ್ರಿಗರ್ ತಗುಲಿದರೆ ನಳಿಗೆ ಪಟ್ಟನೆ ಮುಚ್ಚಿಕೊಂಡು ಬೆರಳು ಜಜ್ಜಿಹೋಗುತ್ತದೆ.

ಒಂದನೆಯದು, ಸ್ಕ್ರೂಗಳು. ಮರದ ಹಿಡಿಗೆ ಕಬ್ಬಿಣದ ಭಾಗವನ್ನು ಕೂಡಿಸುವ ಸ್ಕ್ರೂಗಳು ಒದೆತಕ್ಕೆ ಸಡಿಲಾಗುತ್ತವೆ. ಗಾಡಿಯ ಕಡಾಣಿ ಸಡಿಲಾದರೆ ಗಾಲಿ ಓಲಾಡುವುದಿಲ್ಲವೆ, ಹಾಗೆ. ಸರಿಯಾದ ಅಳತೆಯ ತಿರುಪುಳಿಯಿಂದ ಎರಡು ಪಕ್ಕದ ಸ್ಕ್ರೂಗಳನ್ನು ಸಮನಾಗಿ ಬಿಗಿಮಾಡಿ. ಮರ ಒಡೆಯುವಷ್ಟು ಬಿಗಿ ಬೇಡ. ಬಿಗಿಮಾಡಿದ ಮೇಲೆ ಸ್ಕ್ರೂವಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಉಗುರು ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಮುಂದೆ ಸ್ಕ್ರೂ ಒಂದಿಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಆಮೇಲೆ ನಳಿಗೆಯ ತುದಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ. ಮಡಿಚುವ ಕೀಲಿನಲ್ಲಿ ಆಟ ಇದ್ದರೆ ಆ ಬೋಲ್ಟನ್ನೂ ಬಿಗಿ ಮಾಡಿಸಬೇಕು. ಸೈಟುಗಳ ಸ್ಕ್ರೂಗಳನ್ನೂ ಮರೆಯಬೇಡಿ.

ಎರಡನೆಯದು, ನಳಿಗೆಯ ಸ್ವಚ್ಛತೆ. ಮಳೆಗಾಲದ ತೇವಕ್ಕೆ ನಳಿಗೆಯೊಳಗೆ ತುಕ್ಕು ಕೂರುತ್ತದೆ, ಸೀಸವೂ ಅಂಟುತ್ತದೆ. ಗಟ್ಟಿಯಾದ ನೈಲಾನ್ ದಾರಕ್ಕೆ ಹತ್ತಿ ಬಟ್ಟೆಯ ಚಿಕ್ಕ ತುಂಡು ಕಟ್ಟಿ, ಗುಂಡು ಹಾಕುವ ಕಡೆಯಿಂದ ತುದಿಯ ಕಡೆಗೆ ಎಳೆಯಿರಿ. ಬಟ್ಟೆ ಬೆಳ್ಳಗೆ ಬರುವವರೆಗೆ ಮಾಡಿದರೆ ಸಾಕು. ಕಬ್ಬಿಣದ ಸಲಾಕೆ ತೂರಿಸಬಾರದು. ನಳಿಗೆಯ ಹೊರಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಗಾಯವಾದರೂ ಗುಂಡು ಹೊರಡುವಾಗ ಗಾಳಿ ಒಂದು ಪಕ್ಕಕ್ಕೆ ಹೆಚ್ಚು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ತೊಳೆದ ಮೇಲೆ ಮೊದಲ ಹತ್ತಿಪ್ಪತ್ತು ಗುಂಡು ಸ್ವಲ್ಪ ಆಚೀಚೆ ಬೀಳಬಹುದು. ನಳಿಗೆಗೆ ಮತ್ತೆ ತೆಳುವಾಗಿ ಸೀಸ ಹತ್ತಿದ ಮೇಲೆ ಸರಿಹೋಗುತ್ತದೆ. ಆದ್ದರಿಂದ ಪಂದ್ಯದ ದಿನ ಬೆಳಗ್ಗೆ ನಳಿಗೆ ತೊಳೆಯಬೇಡಿ.

ಇಲ್ಲಿ ಎಣ್ಣೆಯ ಮಾತು ಹೇಳಲೇಬೇಕು. “ಕೋವಿ ಗಟ್ಟಿ ಹೊಡೀಲಿ” ಅಂತ ಕೆಲವರು ಗಾಳಿ ಬರುವ ತೂತಿಗೆ ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಬಿಡುತ್ತಾರೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಆ ಬಿಸಿಗೆ ಎಣ್ಣೆ ಡೀಸೆಲ್ ಇಂಜಿನ್ನಿನ ಒಳಗಿನ ಹಾಗೆ ಉರಿದು ಢಮ್ ಎಂದು ಸದ್ದಾಗುತ್ತದೆ, ಹೊಗೆ ಬರುತ್ತದೆ. ಸದ್ದು ಕೇಳಿ ಕೋವಿಗೆ ಬಲ ಬಂತು ಅಂದುಕೊಳ್ಳಬೇಡಿ. ಒಂದು ಗುಂಡು ಜೋರಾಗಿ, ಇನ್ನೊಂದು ನಿಧಾನವಾಗಿ ಹೋಗುತ್ತದೆ, ಗುರಿ ಹಾಳು. ವಾಷರು ಸುಡುತ್ತದೆ, ಸ್ಪ್ರಿಂಗು ಮುರಿಯಬಹುದು. ಹೊರಮೈಗೆ ತುಕ್ಕು ಹಿಡಿಯದಂತೆ ತೆಳುವಾಗಿ ಮಿಷನ್ ಎಣ್ಣೆ ಒರೆಸಿ, ಸಾಕು. ಒಳಗೆ ಎಣ್ಣೆ ಬಿಡಬೇಕೆ, ಎಲ್ಲಿ, ಎಷ್ಟು ಎಂಬುದಕ್ಕೆ ತಯಾರಕರ ಕೈಪಿಡಿಯ ಮಾತೇ ಕೊನೆಯ ಮಾತು.

ಮೂರನೆಯದು, ಗಾಳಿಯ ಸೋರಿಕೆ. ನಳಿಗೆ ಮಡಿಚುವ ಜಾಗದಲ್ಲಿ ಒಂದು ಚಿಕ್ಕ ವಾಷರು ಇರುತ್ತದೆ. ಅದು ಸವೆದರೆ ಗಾಳಿ ಹೊರಗೆ ಸೋರುತ್ತದೆ. ಪರೀಕ್ಷೆ ಸುಲಭ. ಆ ಸಂದಿಯ ಮೇಲೆ ತೆಳುವಾದ ಕಾಗದದ ಚೂರು ಇಟ್ಟು, ಗುಂಡು ಹಾಕಿ, ಗುರಿಹಲಗೆಗೆ ಒಂದು ಸಲ ಹೊಡೆಯಿರಿ. ಕಾಗದ ಹಾರಿಹೋದರೆ ವಾಷರು ಬದಲಿಸುವ ಕಾಲ ಬಂತು ಎಂದು ತಿಳಿಯಿರಿ.

ನಾಲ್ಕನೆಯದು, ಗುಂಡಿನ ಆಯ್ಕೆ. ಬಿತ್ತನೆಗೆ ಬೀಜ ಆರಿಸುವುದಿಲ್ಲವೆ? ಗುಂಡನ್ನೂ ಹಾಗೆಯೇ ಆರಿಸಬೇಕು. ಗುಂಡಿನ ಹಿಂಭಾಗ ತೆಳುವಾದ ಲಂಗದ ಹಾಗೆ ಇರುತ್ತದೆ. ಅದು ನಳಿಗೆಗೆ ಬಿಗಿಯಾಗಿ ಕೂತು ಗಾಳಿ ತಡೆಯುತ್ತದೆ. ಡಬ್ಬ ಕೆಳಗೆ ಬಿದ್ದರೆ ಆ ಲಂಗ ನಗ್ಗುತ್ತದೆ. ಗುಂಡುಗಳನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಕುಂಟುತ್ತ ಉರುಳುವುದನ್ನು ಬೇರೆ ಇಡಿ. ಚಪ್ಪಟೆ ತಲೆಯ ಗುಂಡು ಕಾಗದದಲ್ಲಿ ದುಂಡನೆಯ ಸ್ಪಷ್ಟ ತೂತು ಮಾಡುತ್ತದೆ, 10 ಮೀಟರಿಗೆ ಒಳ್ಳೆಯದು. ದೂರ ಹೆಚ್ಚಾದರೆ ಗುಮ್ಮಟ ತಲೆಯದು ವಾಸಿ. ಚೂಪು ತಲೆಯದು ನೋಡಲು ಚೆಂದ, ಗುರಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಒಂದೇ 4.5 ಮಿಲಿಮೀಟರ್ ಅಳತೆಯಲ್ಲೂ 4.49, 4.50, 4.51 ಎಂದು ಸೂಕ್ಷ್ಮ ಭೇದಗಳ ಗುಂಡು ಸಿಗುತ್ತವೆ. ನೆರೆಮನೆಯ ಕೋವಿಗೆ ಹೊಂದಿದ ಗುಂಡು ನಿಮ್ಮದಕ್ಕೆ ಹೊಂದಲೇಬೇಕೆಂದಿಲ್ಲ. ಮೂರು ನಾಲ್ಕು ತರಹದ ಗುಂಡು ಸ್ವಲ್ಪ ಸ್ವಲ್ಪ ತಂದು ಪರೀಕ್ಷೆ ಮಾಡಿ, ಒಳ್ಳೆಯದೆಂದು ಕಂಡಿದ್ದನ್ನೇ ಕಾಯಂ ಮಾಡಿಕೊಳ್ಳಿ.

ಐದನೆಯದು, ಹಿಡಿಯುವ ಕ್ರಮ. ಸ್ಪ್ರಿಂಗ್ ಕೋವಿಯನ್ನು ಬಿಗಿಯಾಗಿ ಅದುಮಿ ಹಿಡಿಯಬಾರದು. ಕಲ್ಲಿನ ಮೇಲೆ, ಗೋಡೆಯ ಮೇಲೆ ನೇರವಾಗಿ ಊರಬಾರದು. ಊರಿದರೆ ಕೋವಿ ಜಿಗಿದು ಗುಂಡು ಬೇರೆಡೆ ಹೋಗುತ್ತದೆ. ಎಡ ಅಂಗೈಯನ್ನು ತೆರೆದಿಟ್ಟು ಅದರ ಮೇಲೆ ಕೋವಿಯನ್ನು ಹಸುಗೂಸಿನ ಹಾಗೆ ಮಲಗಿಸಿ. ಮೊಣಕೈಗೆ ಬೇಕಾದರೆ ಆಸರೆ ಇರಲಿ. ಭುಜಕ್ಕೆ ಮೆತ್ತಗೆ ತಾಗಲಿ. ಕೆನ್ನೆ ಪ್ರತಿ ಸಲವೂ ಮರದ ಅದೇ ಜಾಗ ಮುಟ್ಟಲಿ. ಒದೆಯುವಾಗ ಕೋವಿ ತನ್ನ ಪಾಡಿಗೆ ಒದೆಯಲಿ, ತಡೆಯಬೇಡಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರನ್ನು ಬೆರಳ ತುದಿಯಿಂದ ಹಸುವಿನ ಮೊಲೆ ಹಿಂಡುವಷ್ಟು ನಯವಾಗಿ ಒತ್ತಿ. ಗುಂಡು ಹೋದ ಮೇಲೂ ಒಂದು ಕ್ಷಣ ತಲೆ ಎತ್ತದೆ ಗುರಿಯನ್ನೇ ನೋಡುತ್ತಿರಿ. “ಬಿತ್ತಾ?” ಅಂತ ತಲೆ ಎತ್ತುವ ಆತುರವೇ ಬಹಳ ಗುಂಡು ಕೆಡಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಸೈಟಿನ ಮಾತು. ನಮ್ಮವರು ತಪ್ಪುವುದು ಇಲ್ಲಿಯೇ. ಒಂದು ಗುಂಡು ಎಡಕ್ಕೆ ಬಿತ್ತು, ಸೈಟು ತಿರುಗಿಸಿದರು. ಇನ್ನೊಂದು ಬಲಕ್ಕೆ ಬಿತ್ತು, ಮತ್ತೆ ತಿರುಗಿಸಿದರು. ಸಂಜೆಯವರೆಗೆ ಇದೇ ಆಯಿತು. ಒಂದು ತೆನೆ ನೋಡಿ ಗದ್ದೆಯ ಇಳುವರಿ ಹೇಳುವುದುಂಟೆ? ಹಾಗೆಯೇ ಒಂದು ಗುಂಡು ನೋಡಿ ಸೈಟು ಮುಟ್ಟಬಾರದು. ಗುಂಪು ಮೊದಲು, ಸೈಟು ಆಮೇಲೆ. ಇದನ್ನು ಮನಸ್ಸಿನಲ್ಲಿಡಿ.

ಅಳತೆ ಪಟ್ಟಿಯಿಂದ ದೂರ ಅಳೆಯಿರಿ. ಪಂದ್ಯದ ದೂರ ಎಷ್ಟೆಂದು ಮೊದಲೇ ಕೇಳಿಕೊಂಡು ಅಷ್ಟೇ ದೂರ ಇಡಿ. 15 ಮೀಟರ್ ಎಂದು ಇಟ್ಟುಕೊಳ್ಳೋಣ. ಕಾಗದದ ಮೇಲೆ ಕಪ್ಪು ಬೊಟ್ಟು ಬರೆದು, ಅದಕ್ಕೇ ಗುರಿಯಿಟ್ಟು, ಸೈಟು ಮುಟ್ಟದೆ ಐದು ಗುಂಡು ಹೊಡೆಯಿರಿ. ಐದು ತೂತುಗಳು ಎಷ್ಟು ಅಗಲದಲ್ಲಿ ಹರಡಿವೆ, ಅಳೆಯಿರಿ. ಕೋಳಿಮೊಟ್ಟೆಯ ಅಡ್ಡಳತೆ ಸುಮಾರು 4 ಸೆಂಟಿಮೀಟರ್. ನಿಮ್ಮ ಗುಂಪು 8 ಸೆಂಟಿಮೀಟರ್ ಹರಡಿದ್ದರೆ ಸೈಟು ಎಷ್ಟು ತಿರುಗಿಸಿದರೂ ಮೊಟ್ಟೆ ಒಡೆಯುವುದು ಅದೃಷ್ಟದ ಮಾತು. ಮತ್ತೆ ಸ್ಕ್ರೂ, ಗುಂಡು, ಹಿಡಿತಗಳ ಕಡೆಗೆ ಹೋಗಿ. ಗುಂಪು 3 ಸೆಂಟಿಮೀಟರಿನೊಳಗೆ ಬಂದ ಮೇಲೆ ಸೈಟು ಮುಟ್ಟಿ.

ಹಿಂದಿನ ಸೈಟಿನ ನಿಯಮ ಸುಲಭ. ಗುಂಡು ಯಾವ ಕಡೆಗೆ ಹೋಗಬೇಕೋ ಸೈಟನ್ನು ಆ ಕಡೆಗೇ ಸರಿಸಬೇಕು. ಗುಂಪು ಎಡಕ್ಕೆ ಬಿದ್ದಿದ್ದರೆ ಸೈಟು ಬಲಕ್ಕೆ, ಕೆಳಗೆ ಬಿದ್ದಿದ್ದರೆ ಸೈಟು ಮೇಲಕ್ಕೆ. ಎಷ್ಟು ಸರಿಸಬೇಕು? ಲೆಕ್ಕ ಹೀಗೆ. ಎರಡು ಸೈಟುಗಳ ನಡುವಿನ ಅಂತರ 45 ಸೆಂಟಿಮೀಟರ್, ಗುರಿಯ ದೂರ 1,500 ಸೆಂಟಿಮೀಟರ್. ಭಾಗಿಸಿದರೆ ಸುಮಾರು 33. ಅಂದರೆ ಸೈಟು 1 ಮಿಲಿಮೀಟರ್ ಸರಿದರೆ ಗುಂಡು 33 ಮಿಲಿಮೀಟರ್ ಸರಿಯುತ್ತದೆ. ಗುಂಪಿನ ನಡು 2 ಸೆಂಟಿಮೀಟರ್ ಎಡಕ್ಕಿದ್ದರೆ ಸೈಟು ಬಲಕ್ಕೆ ಸರಿಯಬೇಕಾದದ್ದು ಬರೀ 0.6 ಮಿಲಿಮೀಟರ್. ಆದ್ದರಿಂದ ಸೈಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಮತ್ತೆ ಐದು ಗುಂಡು ಹೊಡೆದು ನೋಡಿ. ಎಷ್ಟು ತಿರುಗಿಸಿದಿರಿ, ಯಾವ ಗುಂಡು, ಎಷ್ಟು ದೂರ ಎಂಬುದನ್ನು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ದೂರ ಬದಲಾದರೆ ಸೈಟೂ ಬದಲಾಗಬೇಕು. ಅರ್ಧ ಗ್ರಾಂ ತೂಕದ ಗುಂಡು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊರಟರೆ, ನಳಿಗೆಯ ನೇರ ಗೆರೆಯಿಂದ 10 ಮೀಟರಿಗೆ ಸುಮಾರು ಒಂದೂವರೆ ಸೆಂಟಿಮೀಟರ್, 20 ಮೀಟರಿಗೆ ಸುಮಾರು 7 ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. ದೂರ ಇಮ್ಮಡಿಯಾದರೆ ಇಳಿತ ನಾಲ್ಕು ಪಟ್ಟಿಗೂ ಹೆಚ್ಚು. ಗುಂಡು ಹಗುರವಾದ್ದರಿಂದ ಗಾಳಿಯೂ ಅದನ್ನು ಪಕ್ಕಕ್ಕೆ ದೂಡುತ್ತದೆ. ಅಭ್ಯಾಸಕ್ಕೆ ಗಾಳಿಯಿಲ್ಲದ ಬೆಳಗಿನ ಹೊತ್ತು ಒಳ್ಳೆಯದು.

ಗುಂಪಿನ ಆಕಾರವೇ ರೋಗ ಹೇಳುತ್ತದೆ, ಎಲೆಯ ಬಣ್ಣ ನೋಡಿ ನಾವು ಬೆಳೆಯ ಕೊರತೆ ಹೇಳುವ ಹಾಗೆ. ತೂತುಗಳು ಮೇಲೆ ಕೆಳಗೆ ಸಾಲಾಗಿದ್ದರೆ ಉಸಿರು ಹಿಡಿತದಲ್ಲಿಲ್ಲ, ಇಲ್ಲವೆ ಗುಂಡಿನ ವೇಗ ಏರಿಳಿಯುತ್ತಿದೆ. ಆಗ ಎಣ್ಣೆ, ಸೋರಿಕೆ ನೋಡಿ. ಅಡ್ಡಸಾಲಾಗಿದ್ದರೆ ಟ್ರಿಗರನ್ನು ಪಕ್ಕಕ್ಕೆ ಎಳೆಯುತ್ತಿದ್ದೀರಿ, ಕೋವಿ ವಾಲುತ್ತಿದೆ, ಇಲ್ಲವೆ ಕೀಲು ಸಡಿಲು. ನಾಲ್ಕು ಒಟ್ಟಿಗಿದ್ದು ಒಂದು ಮಾತ್ರ ದೂರವಾದರೆ ಆ ಗುಂಡು ನಗ್ಗಿದ್ದಿರಬಹುದು. ನಿನ್ನೆ ಚೆನ್ನಾಗಿದ್ದ ಗುಂಪು ಇವತ್ತು ಎಲ್ಲಾ ದಿಕ್ಕಿಗೂ ಚೆದುರಿದರೆ ಮೊದಲು ಸ್ಕ್ರೂ ನೋಡಿ.

ಮಾಡಬಾರದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಗುಂಡಿಲ್ಲದೆ ಕೋವಿ ಹಾರಿಸಬೇಡಿ. ಗುಂಡಿನ ತಡೆ ಇಲ್ಲದೆ ಪಿಸ್ಟನ್ನು ತುದಿಗೆ ಬಡಿದು ಹಾಳಾಗುತ್ತದೆ. ಎಳೆದ ಸ್ಪ್ರಿಂಗನ್ನು ಗಂಟೆಗಟ್ಟಲೆ ಹಾಗೇ ಬಿಡಬೇಡಿ, ಅದು ಸೊರಗುತ್ತದೆ. ಟ್ರಿಗರಿನ ಕೊಂಡಿಯನ್ನು ಅರದಿಂದ ತಿಕ್ಕಿ ಹಗುರ ಮಾಡಬೇಡಿ. ಹಾಗೆ ಮಾಡಿದ ಕೋವಿ ಮುಟ್ಟುವ ಮುಂಚೆಯೇ ಹಾರಬಹುದು. ಕೋವಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗು ಬಿಡಿಸುವಾಗ ಮುಖಕ್ಕೆ ಹಾರುತ್ತದೆ, ಅದು ತಕ್ಕ ಸಾಧನವಿರುವ ರಿಪೇರಿಯವನ ಕೆಲಸ. ಬಲವಾದ ಸ್ಪ್ರಿಂಗು ಹಾಕಿಸುವ ಆಸೆಯೂ ಬೇಡ. ಒದೆತ ಹೆಚ್ಚಿ ಗುರಿ ಕೆಡುತ್ತದೆ. ಜೊತೆಗೆ ಕಾನೂನೂ ಅಡ್ಡ ಬರುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸು ಬೇಡ. ಅದು ಮೀರಿದರೆ ಬೇಕು. ಮೇಲೆ ಹೇಳಿದ ಅರ್ಧ ಗ್ರಾಂ ಗುಂಡಿನ ಶಕ್ತಿ ಸುಮಾರು 8 ಜೌಲ್. ಮೊಟ್ಟೆಗೆ ಅಷ್ಟು ಧಾರಾಳ.

ಗುರಿಗೆ ಬಲ ಬೇಡ ಎಂಬುದಕ್ಕೆ ಒಲಿಂಪಿಕ್ ಪಂದ್ಯವೇ ಸಾಕ್ಷಿ. 10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಬೊಟ್ಟಿನ ಅಗಲ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಚಿನ್ನ ತಂದದ್ದು ಇದೇ ಪಂದ್ಯದಲ್ಲಿ. ಅವರದು ಸ್ಪ್ರಿಂಗ್ ಕೋವಿಯಲ್ಲ, ಮೊದಲೇ ಒತ್ತಿ ತುಂಬಿದ ಗಾಳಿಯದು. ಆದರೂ ಅಲ್ಲಿಯೂ ಗೆದ್ದದ್ದು ಬಲವಲ್ಲ, ಒಂದೇ ತರಹದ ಹಿಡಿತ.

ಇನ್ನು ಬಹಳ ಜನ ಕೇಳುವ ಒಂದು ಪ್ರಶ್ನೆ. “ಗುರಿ ಸರಿಯಾಯಿತಲ್ಲ ಸ್ವಾಮಿ, ಜೋಳಕ್ಕೆ ಬೀಳುವ ಗಿಳಿ, ನವಿಲು ಹೊಡೆಯಬಹುದೆ?” ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಳಗೆ ಅದು ಬೇಟೆ. ಏರ್‌ಗನ್ನಿನಿಂದ ಹೊಡೆದರೂ ಬೇಟೆಯೇ. ಕಾನೂನು ಹಾಗಿರಲಿ, ಲೆಕ್ಕವೂ ಒಪ್ಪುವುದಿಲ್ಲ. ಹತ್ತು ಗಿಳಿ ಹೊಡೆದರೆ ಹಿಂಡು ತಪ್ಪುವುದಿಲ್ಲ. ಕೋವಿ ಹಿಡಿದವನ ಕಣ್ಣು ಗಿಳಿಯ ಮೇಲಷ್ಟೇ ನಿಲ್ಲುವುದೂ ಇಲ್ಲ. ಕಾಯಿಕೊರಕ ಹುಳು ತಿನ್ನುವ ಕಾಜಾಣ, ಗೊರವಂಕ, ಇಲಿ ಹಿಡಿಯುವ ಗೂಬೆಗಳೂ ಬಲಿಯಾಗುತ್ತವೆ. ಅವು ಸಂಬಳವಿಲ್ಲದ ಆಳುಗಳು. ಅವು ಕೂರಲೆಂದು ನಾವು ಹೊಲದಲ್ಲಿ ಕವಲುಕಡ್ಡಿ ನೆಡಿಸುತ್ತೇವೆ, ಕೋವಿಯಿಂದ ಓಡಿಸುವುದೆ? ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಹಕ್ಕಿಗಳನ್ನು ಉಳಿಸಲೆಂದೇ ಏರ್‌ಗನ್ ಒಪ್ಪಿಸುವ ಅಭಿಯಾನ ನಡೆಯಿತು, ಜನರು ತಾವಾಗಿಯೇ ಕೋವಿ ತಂದು ಕೊಟ್ಟರು. ಗಿಳಿಯ ಕಾಟಕ್ಕೆ ಹೊಳೆಯುವ ಪಟ್ಟಿ ಕಟ್ಟಿ, ಸದ್ದು ಮಾಡಿ, ಕಾವಲಿರಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮೊಟ್ಟೆ ಒಡೆಯುವ ಗುಂಡು ಕಣ್ಣನ್ನೂ ಒಡೆಯುತ್ತದೆ. ಹೋದ ಕಣ್ಣಿಗೆ ಬೇರೆ ಕಣ್ಣಿಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ, ಇಲ್ಲವೆ ಹಳೆಯ ಬಟ್ಟೆ ತುರುಕಿ ಹಿಂಬದಿಗೆ ದಪ್ಪ ತಗಡು ಹಾಕಿದ ಮರದ ಪೆಟ್ಟಿಗೆ ಇರಲಿ. ಕಲ್ಲುಗೋಡೆಗೆ, ಬಂಡೆಗೆ, ನೀರಿಗೆ ಹೊಡೆಯಬೇಡಿ, ಗುಂಡು ಚಿಮ್ಮಿ ಹಿಂದೆ ಬರುತ್ತದೆ. ಆಕಾಶಕ್ಕೆ ಹೊಡೆದ ಗುಂಡು ನೂರಾರು ಮೀಟರ್ ಆಚೆ ಯಾರ ಅಂಗಳದಲ್ಲಿ ಬೀಳುತ್ತದೋ ಯಾರಿಗೆ ಗೊತ್ತು? ಹೊಡೆಯುವವರು, ನೋಡುವವರು ಇಬ್ಬರೂ ರಕ್ಷಣೆಯ ಕನ್ನಡಕ ಹಾಕಿಕೊಳ್ಳಲಿ. ಗುರಿಹಲಗೆ ನೋಡಲು ಹೋಗುವ ಮುಂಚೆ ಎಲ್ಲರ ಕೋವಿಯೂ ಕೆಳಗಿರಲಿ.

ಗುಂಡು ಸೀಸದ್ದು, ಸೀಸ ವಿಷ. ಗುಂಡನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಾಳಿ ಬಿಡಿ, ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕೋಳಿ ಮೇಯುವ ಅಂಗಳದಲ್ಲಿ, ಹುಲ್ಲಿನ ಬಣವೆಯ ಹತ್ತಿರ ಅಭ್ಯಾಸ ಬೇಡ. ಕೋಳಿ ಹರಳು ಕುಕ್ಕುವ ಹಾಗೆ ಸೀಸವನ್ನೂ ಕುಕ್ಕಿ ನುಂಗುತ್ತದೆ. ಹೊಡೆದ ಗುಂಡುಗಳನ್ನು ಆರಿಸಿ ಡಬ್ಬದಲ್ಲಿ ತುಂಬಿಡಿ.

ತಾಯಂದಿರಲ್ಲಿ ಒಂದು ಬಿನ್ನಹ. ಮನೆಯ ಬೀಗದ ಕೈ ನಿಮ್ಮ ಸೊಂಟದಲ್ಲಿರುತ್ತದೆ. ಏರ್‌ಗನ್ ಇಟ್ಟ ಕಪಾಟಿನ ಬೀಗದ ಕೈಯೂ ಅದೇ ಗೊಂಚಲಿನಲ್ಲಿರಲಿ. ಗುಂಡಿನ ಡಬ್ಬ ಬೇರೆ ಕಡೆ ಇರಲಿ. ಹುಡುಗರು ಕೇಳಿದರೆ ಇಲ್ಲ ಅನ್ನಬೇಡಿ, ದೊಡ್ಡವರು ಜೊತೆಗಿದ್ದಾಗ ಕೊಡಿ. ಸ್ಕ್ರೂ ಬಿಗಿ ಮಾಡುವುದರಿಂದ ಕೈ ತೊಳೆಯುವವರೆಗೆ ಎಲ್ಲ ಕೆಲಸವನ್ನೂ ಅವರ ಕೈಯಿಂದಲೇ ಮಾಡಿಸಿ. ಹಾಗೆ ಕಲಿತ ಹುಡುಗ ನಾಳೆ ಸಿಂಪಡಣೆ ಯಂತ್ರದ ನಳಿಕೆಯನ್ನೂ ಅಷ್ಟೇ ಜಾಗ್ರತೆಯಿಂದ ನೋಡಿಕೊಳ್ಳುತ್ತಾನೆ.

ಈ ಸಲದ ಪಂದ್ಯದಲ್ಲಿ ನಿಮ್ಮ ಮೊಟ್ಟೆ ಒಡೆಯಲಿ, ನೋಡುವವರೆಲ್ಲ ಸುಖವಾಗಿ ಮನೆ ಸೇರಲಿ.